ಅರಿಷ್ಟದ ಮುಚ್ಚಳದ ಮತಯಂತ್ರ

ಕೆಲಸದಿಂದ ನಿವೃತ್ತಿಯಾದರೂ ನಮ್ಮ ಕಡೆಯವರು ಟೀಚರನ್ನು ಅಷ್ಟು ಸುಲಭದಲ್ಲಿ ನಿವೃತ್ತಿಯಾಗಲು ಬಿಡುವುದಿಲ್ಲ. ನಮ್ಮ ಗಡಿನಾಡಿನ ಮುಳ್ಳೇರಿಯ ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತರೆ ಯಾರಾದರೊಬ್ಬರು ರೇಷನ್ ಕಾರ್ಡು ಹಿಡಿದುಕೊಂಡು ಬಂದು, "ಟೀಚರೇ, ಇದ್ರಲ್ಲಿ ನನ್ನ ಹೆಸ್ರು ಸರಿ ಉಂಟಾ ನೋಡಿ" ಎನ್ನುತ್ತಾರೆ. ಕರೆಂಟು ಬಿಲ್ಲು, ಆಸ್ಪತ್ರೆಯ ಚೀಟಿ, ಮಲಯಾಳದಲ್ಲಿ ಬಂದ ಸರಕಾರಿ ನೋಟೀಸು, ಎಲ್ಲವನ್ನೂ ಓದಿ ಅರ್ಥ ಹೇಳುವುದು ನನ್ನ ಪಾಲಿಗೆ ಬಂದಿದೆ. ಹೇಳುತ್ತೇನೆ, ಆದರೆ ಬೈದುಕೊಂಡು ಹೇಳುತ್ತೇನೆ. "ನಿನಗೆ ಕೆಲಸಕ್ಕೆ ರಿಟೈರ್ಮೆಂಟ್ ಆದದ್ದು, ಬಾಯಿಗೆ ಆಗ್ಲಿಲ್ಲ" ಎಂದು ನನ್ನ ಗಂಡ ಆಗಾಗ ನೆನಪಿಸುತ್ತಾರೆ.

ಹಾಗಿರುವಾಗ ಪಂಚಾಯತ್ ಚುನಾವಣೆ ಬಂತು.

ನಮ್ಮಲ್ಲಿ ಪಂಚಾಯತ್ ಚುನಾವಣೆಯೆಂದರೆ ಒಬ್ಬರಿಗೆ ಮೂರು ಓಟು. ಗ್ರಾಮ ಪಂಚಾಯತಿಗೆ ಒಂದು, ಬ್ಲಾಕಿಗೆ ಒಂದು, ಜಿಲ್ಲೆಗೆ ಒಂದು. ಮೇಜಿನ ಮೇಲೆ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮೊದಲನೆಯದರ ಹೆಸರಿನ ಪಟ್ಟಿ ಬಿಳಿ, ಎರಡನೆಯದ್ದು ಗುಲಾಬಿ, ಮೂರನೆಯದ್ದು ನೀಲಿ. ಮೂರರಲ್ಲಿಯೂ ಒಂದೊಂದು ಗುಂಡಿ ಒತ್ತಬೇಕು. ಮೂರೂ ಆದ ಮೇಲೆಯೇ ಯಂತ್ರ "ಪೀಂ" ಎಂದು ಉದ್ದಕ್ಕೆ ಕೂಗುವುದು. ವಿಧಾನಸಭೆಯ ಓಟಿಗೆ ಒಂದೇ ಪೆಟ್ಟಿಗೆಯನ್ನು ಕಂಡು ಅಭ್ಯಾಸವಾದ ನಮ್ಮ ಹೆಂಗಸರು ಕಳೆದ ಸಲ ಬಿಳಿ ಪೆಟ್ಟಿಗೆಯ ಗುಂಡಿ ಒತ್ತಿ, ಸೆರಗು ಸರಿಮಾಡಿಕೊಂಡು ಹೊರಗೆ ಬಂದುಬಿಟ್ಟಿದ್ದರು. ಒಳಗಿದ್ದ ಅಧಿಕಾರಿ "ಅಯ್ಯೋ ಅಮ್ಮಾ" ಎಂದು ಅವರ ಹಿಂದೆ ಓಡಿಬರುವುದು, ಇವರು ತಾವು ಏನೋ ಕದ್ದದ್ದು ಸಿಕ್ಕಿಬಿತ್ತೇನೋ ಎಂಬಂತೆ ಗಾಬರಿಯಲ್ಲಿ ಇನ್ನೂ ಜೋರಾಗಿ ನಡೆಯುವುದು, ಆ ಇಡೀ ದಿನ ನಡೆದಿತ್ತು.

ಈ ಸಲ ಹಾಗಾಗಬಾರದೆಂದು ನಮ್ಮ ನೆರೆಕರೆಯ ಹೆಂಗಸರ ಕೂಟದಲ್ಲಿ ಮಾತು ಬಂತು. ಕಲಿಸಲಿಕ್ಕೆ ಪಕ್ಷದವರು ಮನೆಮನೆಗೆ ಬರುತ್ತಾರಲ್ಲ ಎಂದರೆ, ಅವರು ತರುವ ಮರದ ಡಮ್ಮಿ ಪೆಟ್ಟಿಗೆಯಲ್ಲಿ ಅವರ ಅಭ್ಯರ್ಥಿಯ ಗುಂಡಿ ಒಂದೇ ಇರುತ್ತದೆ. ಉಳಿದದ್ದೆಲ್ಲ ಬೋಳು ಹಲಗೆ. ಬೆಳಿಗ್ಗೆ ಒಂದು ಪಕ್ಷದವರು ಬಂದು ಆ ಗುಂಡಿ ಒತ್ತಿಸಿ ಹೋಗುತ್ತಾರೆ, ಸಂಜೆ ಇನ್ನೊಂದು ಪಕ್ಷದವರು ಬಂದು ಈ ಗುಂಡಿ ಒತ್ತಿಸಿ ಹೋಗುತ್ತಾರೆ. ಎರಡನ್ನೂ ವಿನಯದಿಂದ ಒತ್ತಿದ ಹೆಂಗಸರಿಗೆ ಕೊನೆಗೆ ಓಟು ಎರಡು ಸಲ ಆಗಿಹೋಯಿತೋ ಏನೋ ಎಂಬ ಸಂಶಯ ಉಳಿಯುತ್ತದೆ. "ಯಾರ ಕಡೆಯದ್ದೂ ಅಲ್ಲದ ಒಂದು ಪೆಟ್ಟಿಗೆ ಬೇಕು" ಎಂದರು ಭಟ್ಟರ ಮನೆಯ ಅಕ್ಕ. ಹಾಗೆಂದ ಕೂಡಲೇ ಎಲ್ಲರೂ ನನ್ನ ಮುಖ ನೋಡಿದರು.

ನಾನು ವಿದ್ಯಾನಗರದ ಚುನಾವಣಾ ಕಚೇರಿಯವರೆಗೆ ಬಸ್ಸಿನಲ್ಲಿ ಹೋಗಿ, ಕಲಿಸಲು ಒಂದು ಯಂತ್ರ ಸಿಗಬಹುದೇ ಎಂದು ವಿಚಾರಿಸಿದೆ. ಯಂತ್ರವನ್ನು ಮನೆಗೆ ಕೊಡುವ ಕ್ರಮ ಇಲ್ಲವೆಂದು ಅಲ್ಲಿಯ ಗುಮಾಸ್ತರು ಮರ್ಯಾದೆಯಿಂದಲೇ ಹೇಳಿ, ಓಟು ಹಾಕುವ ಕ್ರಮವನ್ನು ತಿಳಿಸುವ ಒಂದು ಕಾಗದ ಕೊಟ್ಟರು. ಅದು ಮಲಯಾಳದಲ್ಲಿತ್ತು. ಕನ್ನಡದ್ದು ಇಲ್ಲವೇ ಎಂದು ಕೇಳಿದಾಗ "ಉಂಟು ಟೀಚರೇ, ಆದ್ರೆ ಓದ್ಲಿಕ್ಕೆ ಇದೇ ಸುಲಭ" ಎಂದರು. ಆಮೇಲೆ ಕನ್ನಡದ್ದನ್ನು ಓದಿ ನೋಡಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಹಾಗಾಗಿ ಯಂತ್ರವನ್ನು ನಾನೇ ಮಾಡಿದೆ. ಅಂಗಡಿಯಿಂದ ತಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಮೂರು, ಅವಕ್ಕೆ ಬಿಳಿ, ಗುಲಾಬಿ, ನೀಲಿ ಕಾಗದ. ಗುಂಡಿಗೆ ಏನು ಮಾಡುವುದೆಂದು ಯೋಚಿಸುವಾಗ ಗಂಡನ ಅರಿಷ್ಟದ ಬಾಟಲಿಗಳು ಕಣ್ಣಿಗೆ ಬಿದ್ದವು. ನನ್ನ ಗಂಡ ವಾಯುವಿಗೆಂದು ವರ್ಷಗಟ್ಟಲೆಯಿಂದ ಅರಿಷ್ಟವೆಂಬ ಆಯುರ್ವೇದದ ಮದ್ದು ಕುಡಿಯುತ್ತಾರೆ. ವಾಯು ಕಡಿಮೆಯಾಗಿಲ್ಲ, ಬಾಟಲಿ ಮಾತ್ರ ಅಟ್ಟದಲ್ಲಿ ತುಂಬಿದೆ. ಮುಚ್ಚಳಗಳನ್ನೆಲ್ಲ ತೆಗೆದು ತೊಳೆದು ಗಂಜಿಯ ಅಂಟಿನಲ್ಲಿ ಅಂಟಿಸಿದೆ. "ಪ್ರಜಾಪ್ರಭುತ್ವಕ್ಕೆ ನನ್ನ ಹೊಟ್ಟೆಯಿಂದ ಇಷ್ಟಾದ್ರೂ ಉಪಕಾರ ಆಯ್ತಲ್ಲ" ಎಂದರು ಗಂಡ.

ನಿಜವಾದ ಚಿಹ್ನೆಗಳನ್ನು ಬರೆದರೆ ನಮ್ಮ ಜಗಲಿಯಲ್ಲೇ ಜಗಳವಾದೀತೆಂದು ಹಲಸಿನ ಹಣ್ಣು, ಮುಳ್ಳುಸೌತೆ, ಒಣಮೀನು ಎಂದು ಮೂರು ಚಿತ್ರ ಬರೆದೆ. ಚಿತ್ರಕಲೆಯಲ್ಲಿ ನನ್ನ ಕೈ ಅಷ್ಟಕ್ಕಷ್ಟೆ. ಹಲಸಿನ ಹಣ್ಣನ್ನು ನೋಡಿದವರು ಮುಳ್ಳುಹಂದಿ ಯಾಕೆ ನಿಂತಿದೆ ಎಂದು ಕೇಳಿದರು. ಆದರೂ ಮೊದಲ ದಿನದ ಪಾಠ ಚೆನ್ನಾಗಿಯೇ ನಡೆಯಿತು. ಒಬ್ಬೊಬ್ಬರಾಗಿ ಬಂದು ಮೂರೂ ಪೆಟ್ಟಿಗೆಯ ಮುಚ್ಚಳ ಮುಟ್ಟುವುದು, ಮೂರನೆಯದ್ದಾದ ಕೂಡಲೇ ನಾನು ಬಾಯಲ್ಲಿ "ಪೀಂ" ಎನ್ನುವುದು. ದೀಪದ ವಿಷಯವನ್ನೂ ಹೇಳಿದ್ದೆ. ಒತ್ತಿದಾಗ ಗುಂಡಿಯ ಪಕ್ಕ ಕೆಂಪು ದೀಪ ಬರುತ್ತದೆ, ನಮ್ಮ ಪೆಟ್ಟಿಗೆಯಲ್ಲಿ ಅದು ಬಂದಂತೆ ಎಣಿಸಿಕೊಳ್ಳಿ ಎಂದೆ. ಎಲ್ಲರೂ ಎಣಿಸಿಕೊಂಡರು. ಎಷ್ಟು ಚೆನ್ನಾಗಿ ಎಣಿಸಿಕೊಂಡರೆಂದರೆ ಆಮೇಲೆ ಯಾರಿಗೂ ದೀಪದ ಚಿಂತೆಯೇ ಉಳಿಯಲಿಲ್ಲ.

ಎಲ್ಲರದ್ದೂ ಮುಗಿದ ಮೇಲೆ ಎಣಿಕೆಯನ್ನೂ ಮಾಡಬೇಕೆಂದು ಹಟ ಮಾಡಿದರು. ಯಾವುದನ್ನು ಮುಟ್ಟಿದ್ದೆಂದು ಒಬ್ಬೊಬ್ಬರನ್ನೇ ಕೇಳಿ ಗೆರೆ ಹಾಕಿದೆ. ಒಣಮೀನು ಮೂರೂ ಕಡೆ ಗೆದ್ದಿತು. ಭಟ್ಟರ ಮನೆಯ ಅಕ್ಕನ ಮುಖ ಸಣ್ಣದಾಯಿತು. "ಗೆಲ್ಲಲಿ, ನನಗೆ ಎಂತದೂ ಇಲ್ಲ. ಆದ್ರೆ ಅದನ್ನು ನಮ್ಮ ಹಲಸಿನ ಹಣ್ಣಿಗೆ ತಾಗಿಕೊಂಡೇ ಬರೀಬೇಕಿತ್ತಾ ಟೀಚರೇ? ನನ್ನ ಬೆರಳು ಒಂಚೂರು ಜಾರಿದ್ರೆ?" ಎಂದರು. ಮುಂದಿನ ವಾರ ಅವರು ಪಾಠಕ್ಕೆ ಬರುವಾಗ ಹಲಸಿನ ಹಪ್ಪಳ ತಂದು ಎಲ್ಲರಿಗೂ ಹಂಚಿದರು. ಅದು ಸ್ನೇಹಕ್ಕೆ ತಂದದ್ದೋ ಪ್ರಚಾರಕ್ಕೆ ತಂದದ್ದೋ ಎಂದು ಚರ್ಚೆಯಾಯಿತು. ಒಣಮೀನಿನ ಕಡೆಯವರೂ ಸುಮ್ಮನಿರುವುದಿಲ್ಲವೆಂದು ಗೊತ್ತಾದ ಕೂಡಲೇ ನಾನು ಮೂರೂ ಚಿತ್ರ ಕಿತ್ತು ಬಾಚಣಿಗೆ, ಬೀಗ, ಬಾಲ್ದಿ ಎಂದು ತಿನ್ನಲಾಗದ ವಸ್ತುಗಳನ್ನು ಬರೆದೆ.

"ಒಣಮೀನು ಎಲ್ಲಿಗೆ ಹೋಯ್ತು?" ಎಂದು ದೊಡ್ಡ ಸ್ವರದಲ್ಲಿ ಕೇಳಿದವರು ಉಮ್ಮ.

ಉಮ್ಮನ ಮನೆ ನಮ್ಮ ಮನೆಯಿಂದ ಒಂದು ಇಳಿಜಾರಿನ ಕೆಳಗೆ. ಬ್ಯಾರಿ ಭಾಷೆ ಅವರ ಮನೆಮಾತು, ಅದರಲ್ಲಿ ಉಮ್ಮ ಎಂದರೆ ಅಮ್ಮ; ನಮ್ಮ ಹತ್ತಿರ ಮಾತಾಡುವಾಗ ಕನ್ನಡ. ದೊಡ್ಡ ಮಗನಿಗೆ ಮುಳ್ಳೇರಿಯ ಪೇಟೆಯಲ್ಲಿ ಪಾತ್ರೆಯ ಅಂಗಡಿ. ಚಿಕ್ಕವನು ಗಲ್ಫಿನಿಂದ ವಾಪಸು ಬಂದು ರಬ್ಬರ್ ಶೀಟಿನ ವ್ಯಾಪಾರ ಮಾಡುತ್ತಾನೆ. ಇಬ್ಬರೂ ಒಳ್ಳೆಯ ಮಕ್ಕಳು. ಆದರೆ ಒಬ್ಬ ಒಂದು ಪಕ್ಷ, ಇನ್ನೊಬ್ಬ ಅದರ ಎದುರು ಪಕ್ಷ. ಚುನಾವಣೆಯ ತಿಂಗಳಲ್ಲಿ ಅಣ್ಣ ಊಟ ಮಾಡಿ ಎದ್ದ ಮೇಲೆಯೇ ತಮ್ಮ ಊಟಕ್ಕೆ ಕೂರುವುದು.

ಉಮ್ಮನಿಗೆ ಬಹಳ ಕಾಲದಿಂದ ಎರಡೂ ಕಣ್ಣಿನಲ್ಲಿ ಪೊರೆ ಬಂದು ಮುಖಗಳೇ ಕಾಣುತ್ತಿರಲಿಲ್ಲ. ಕಣ್ಣು ಕಾಣದವರಿಗೆ ಮನೆಯವರೊಬ್ಬರು ಜೊತೆಗೆ ಹೋಗಿ ಓಟು ಹಾಕಬಹುದು. ಅದಕ್ಕೆ ನಮ್ಮಲ್ಲಿ ಓಪನ್ ವೋಟು ಎನ್ನುತ್ತಾರೆ. ಉಮ್ಮನನ್ನು ಯಾರು ಕರೆದುಕೊಂಡು ಹೋಗುವುದು ಎಂಬುದು ಪ್ರತಿ ಚುನಾವಣೆಯಲ್ಲೂ ಆ ಮನೆಯ ದೊಡ್ಡ ಜಗಳ. ಒಂದು ಸಲ ಅಣ್ಣ, ಮುಂದಿನ ಸಲ ತಮ್ಮ ಎಂದು ಕೊನೆಗೆ ತೀರ್ಮಾನವಾಗಿತ್ತು. ಈ ವರ್ಷ ಉಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಪೊರೆ ತೆಗೆದ ಮೇಲೆ ಅವರು ನಮ್ಮ ಮನೆಗೆ ಬಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಟೀಚರೇ, ನಿಮಗೆ ಇಷ್ಟೆಲ್ಲ ವಯಸ್ಸಾಯ್ತಾ?" ಎಂದು ಕೇಳಿದರು. ಆ ಡಾಕ್ಟರರ ಮೇಲೆ ನನಗೆ ಸ್ವಲ್ಪ ಸಿಟ್ಟು ಬಂದದ್ದು ಹೌದು.

ಪಾಠಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವರು ಉಮ್ಮ. ಬರುವಾಗ ಬಾಳೆಲೆಯಲ್ಲಿ ಸುತ್ತಿದ ಬಿಸಿ ಪತ್ತಿರ್ ತರುತ್ತಿದ್ದರು. ಅಕ್ಕಿಹಿಟ್ಟನ್ನು ಅಂಗೈಯಲ್ಲಿ ಒತ್ತಿ ತಟ್ಟಿ ಮಾಡುವ ರೊಟ್ಟಿ ಅದು. ಆ ಮನೆಯ ಮದುವೆ, ಹಬ್ಬ, ನೆಂಟರು, ಎಲ್ಲಕ್ಕೂ ಪತ್ತಿರ್ ತಟ್ಟಿ ತಟ್ಟಿ ಉಮ್ಮನ ಕೈ ಕಬ್ಬಿಣವಾಗಿತ್ತು. ಅವರು ಮೊದಲ ದಿನ ಒತ್ತಿದ ಮುಚ್ಚಳ ರಟ್ಟಿನ ಒಳಗೇ ಹೋಗಿ ಬಿತ್ತು. ಎರಡನೆಯ ಪೆಟ್ಟಿಗೆಯದ್ದು ಹಾರಿ ಗಂಡನ ಚಾದ ಲೋಟಕ್ಕೆ ಬಿತ್ತು.

"ಉಮ್ಮ, ಇದು ಪತ್ತಿರ್ ಅಲ್ಲ! ಮೆಲ್ಲ, ಮೆಲ್ಲ! ಮುಚ್ಚಳ ಕಿತ್ತು ಹೋಗ್ತದೆ!" ಎಂದು ಕೂಗಿದೆ.

ಗಂಜಿಯ ಅಂಟಿಗೆ ಇರುವ ಬಲವೇ ಅಷ್ಟು. ಪ್ರತಿ ಪಾಠದ ನಂತರ ಮುಚ್ಚಳಗಳನ್ನು ಪುನಃ ಅಂಟಿಸಿ ನನಗೆ ಸಾಕುಸಾಕಾಗಿತ್ತು. ಹಾಗಾಗಿ ಉಮ್ಮನಿಗೆ ಮಾತ್ರವಲ್ಲ, ಎಲ್ಲರಿಗೂ ಅದನ್ನೇ ಹೇಳಿದೆ. ಮೆಲ್ಲ ಮುಟ್ಟಿ. ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿ. ಗಟ್ಟಿ ಒತ್ತಿದವರಿಗೆ ಬೈದೆ, ಮೆಲ್ಲ ಮುಟ್ಟಿದವರನ್ನು ಹೊಗಳಿದೆ. ವಾರ ಕಳೆಯುವಾಗ ನಮ್ಮ ನೆರೆಕರೆಯ ಹೆಂಗಸರು ಎಷ್ಟು ನಾಜೂಕಾಗಿ ಮುಚ್ಚಳ ಸವರುತ್ತಿದ್ದರೆಂದರೆ ಒಂದೂ ಬೀಳುತ್ತಿರಲಿಲ್ಲ. ನನಗೆ ಹೆಮ್ಮೆಯೆನಿಸಿತು.

ಚುನಾವಣೆ ಹತ್ತಿರವಾದಾಗ ಒಂದು ಸಂಜೆ ಎಲ್ಲರೂ ಹೋದ ಮೇಲೆ ಉಮ್ಮ ಜಗಲಿಯಲ್ಲೇ ಕುಳಿತರು. ಪುನಃ ಒಮ್ಮೆ ಪೆಟ್ಟಿಗೆ ತನ್ನಿ ಎಂದರು. ಬಿಳಿಯಿಂದ ನೀಲಿಯವರೆಗೆ ತಪ್ಪಿಲ್ಲದೆ ಮುಟ್ಟಿ, ನನ್ನ "ಪೀಂ" ಕೇಳಿದ ಮೇಲೆ ಕೈ ತೆಗೆದರು.

"ನಿಮಗೆ ಬಂದಾಯ್ತಲ್ಲ ಉಮ್ಮ. ಇನ್ನು ಎಂತ ಹೆದರಿಕೆ?" ಎಂದೆ.

"ತಪ್ಪಿದ್ರೆ ಅವ್ರು ಪುನಃ ಮಗನನ್ನು ಕರೀತಾರೆ ಟೀಚರೇ. ಅವ ಬಂದು ಒತ್ತುದು ನನಗೆ ಬೇಡ."

"ಯಾಕೆ? ಇಷ್ಟು ಕಾಲ ಅವ್ರೇ ಅಲ್ವಾ ಒತ್ತಿದ್ದು?"

ಉಮ್ಮ ಪೆಟ್ಟಿಗೆಗಳನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು. ಕಳೆದ ಪಂಚಾಯತ್ ಚುನಾವಣೆಯಲ್ಲಿ ನಮ್ಮ ವಾರ್ಡಿನಿಂದ ಒಬ್ಬಳು ಹೆಂಗಸು ಯಾವ ಪಕ್ಷವೂ ಇಲ್ಲದೆ ನಿಂತಿದ್ದಳು. ಉಮ್ಮನನ್ನು ಮೊದಲ ಸಲ ಕಣ್ಣು ತೋರಿಸಲು ಬಸ್ಸಿನಲ್ಲಿ ಕೈಹಿಡಿದು ಕರೆದುಕೊಂಡು ಹೋದವಳು ಅವಳು. ಮಕ್ಕಳಿಬ್ಬರಿಗೂ ಆ ದಿನ ಪುರುಸೊತ್ತಿರಲಿಲ್ಲ. ನನ್ನ ಓಟು ನಿನಗೇ ಎಂದು ಉಮ್ಮ ಅವಳಿಗೆ ಮಾತು ಕೊಟ್ಟಿದ್ದರು. ಅವಳ ಹೆಸರು ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ. ಅದನ್ನು ಕೇಳಿ ತಿಳಿದುಕೊಂಡು, ಜೊತೆಗೆ ಬಂದ ದೊಡ್ಡ ಮಗನಿಗೆ, ಕೆಳಗಿನದ್ದು ಒತ್ತು ಎಂದು ಹೇಳಿದ್ದರು.

"ಆಯ್ತು ಉಮ್ಮ ಅಂದ. ನನಗೆ ಕಣ್ಣು ಕಾಣ್ತಿರ್ಲಿಲ್ಲ, ಹೌದು. ಆದ್ರೆ ನಾನು ಅವನ ಮೊಣಕೈ ಹಿಡ್ಕೊಂಡಿದ್ದೆ. ಆ ಮೊಣಕೈ ಮೇಲೆ ಹೋಯ್ತು ಟೀಚರೇ. ಕೆಳಗೆ ಬರ್ಲೇ ಇಲ್ಲ."

ನಾನು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟೆ.

"ಅವಳು ಸೋತದ್ದು ನನ್ನ ಒಂದು ಓಟಿನಿಂದ ಅಲ್ಲ, ಅದು ನನಗೂ ಗೊತ್ತುಂಟು. ಆಮೇಲೆ ಸಿಕ್ಕಿದಾಗ ಅವಳು, ನೀವು ಹಾಕಿದ್ದೀರಲ್ಲ ಉಮ್ಮ, ಅಷ್ಟು ಸಾಕು ಅಂದ್ಳು. ನಾನು ಎಂತ ಹೇಳುದು? ಹ್ಞಾ ಅಂದೆ." ಅವರು ತಮ್ಮ ಬಲಗೈಯ ಬೆರಳನ್ನು ನೋಡಿಕೊಂಡರು. "ಈ ಸರ್ತಿ ಇದೇ ಒತ್ತಬೇಕು. ಯಾರಿಗೆ ಒತ್ತುದು ಅಂತ ನಿಮಗೂ ಹೇಳುದಿಲ್ಲ."

ಹೇಳಬೇಡಿ ಎಂದೆ. ಅವರು ಇಳಿಜಾರು ಇಳಿದು ಹೋಗುವುದನ್ನೇ ನೋಡುತ್ತಾ ನಿಂತೆ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಯಾವ ಮಗುವೂ ಪಾಸಾಗಬೇಕೆಂದು ಇಷ್ಟು ಆಸೆ ಪಟ್ಟದ್ದಿಲ್ಲ.

ಓಟಿನ ದಿನ ನಾನು ಹಿಂದೆ ಕಲಿಸುತ್ತಿದ್ದ ಶಾಲೆಯೇ ಮತಗಟ್ಟೆ. ಹೋಗುವಾಗ ಬಿಸಿಲು ಏರಿತ್ತು. ಗಂಡಸರ ಸಾಲು ಸರಾಗವಾಗಿ ಮುಂದೆ ಹೋಗುತ್ತಿತ್ತು. ಹೆಂಗಸರ ಸಾಲು ಹಂದುತ್ತಲೇ ಇರಲಿಲ್ಲ. ಒಬ್ಬೊಬ್ಬಳು ಒಳಗೆ ಹೋದವಳು ಹೊರಗೆ ಬರಲು ಯುಗ ಹಿಡಿಯುತ್ತಿತ್ತು. "ಒಳಗೆ ಹೋಗಿ ಅಡಿಗೆ ಮಾಡ್ತಾರಾ ಮಾರಾಯ ಇವ್ರು?" ಎಂದು ಗಂಡಸರ ಸಾಲಿನಲ್ಲಿ ಒಬ್ಬ ಕೇಳಿದ. ನಾನು ತಿರುಗಿ ನೋಡಿದೆ. ನನ್ನ ಹತ್ತಿರವೇ ಅ ಆ ಇ ಈ ಕಲಿತವನು, ತಲೆ ತಗ್ಗಿಸಿದ. ನನಗಂತೂ ಒಳಗೊಳಗೇ ಖುಷಿ. ಕಳೆದ ಸಲದ ಹಾಗೆ ಯಾರೂ ಅರ್ಧದಲ್ಲಿ ಓಡಿ ಬರುತ್ತಿಲ್ಲ. ಪೀಂ ಆಗದೆ ಹೊರಗೆ ಬರಬಾರದೆಂದು ನಾನು ಹೇಳಿಕೊಟ್ಟದ್ದನ್ನು ಎಲ್ಲರೂ ಪಾಲಿಸುತ್ತಿದ್ದಾರೆ ಎಂದುಕೊಂಡೆ. ಅವರು ಪಾಲಿಸುತ್ತಲೇ ಇದ್ದರು.

ನನ್ನ ಮುಂದೆ ಉಮ್ಮ. ಉಮ್ಮನ ಮುಂದೆ ಭಟ್ಟರ ಮನೆಯ ಅಕ್ಕ. ಉಮ್ಮನನ್ನು ರಿಕ್ಷಾದಲ್ಲಿ ಕರೆತಂದ ಚಿಕ್ಕ ಮಗ ಜಗಲಿಯ ತುದಿಯಲ್ಲಿ ಕೈಕಟ್ಟಿ ನಿಂತಿದ್ದ. ದೊಡ್ಡ ಮಗ ತನ್ನ ಪಕ್ಷದ ಏಜೆಂಟನಾಗಿ ಒಳಗೆ ಬೆಂಚಿನ ಮೇಲೆ ಕುಳಿತಿದ್ದ. ಬಾಗಿಲಿನಿಂದ ಉಮ್ಮನಿಗೆ ಅವನು ಕಂಡ. ಅವನಿಗೂ ಉಮ್ಮ ಕಂಡರು.

ಅಕ್ಕ ರಟ್ಟಿನ ಮರೆಯ ಹಿಂದೆ ಹೋದರು. ಎಷ್ಟು ಹೊತ್ತಾದರೂ ಶಬ್ದವಿಲ್ಲ. ಅಧಿಕಾರಿ ತೆಂಕು ಕಡೆಯಿಂದ ಡ್ಯೂಟಿಗೆ ಬಂದವರು, ಕನ್ನಡ ಬಾರದು. ಅವರು ಮುಖ ಒರೆಸಿಕೊಂಡು ಗಡಿಯಾರ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಧಡ್, ಧಡ್, ಧಡ್ ಎಂದು ಮೂರು ಸಲ ಕೇಳಿ, ಉದ್ದದ "ಪೀಂ" ಬಂತು. ಆಚೆ ಬಾಗಿಲಿನಿಂದ ಹೊರಬಿದ್ದ ಅಕ್ಕ ಜಗಲಿ ಸುತ್ತಿ ನೇರ ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು.

"ಎಂತದು ಟೀಚರೇ ನೀವು ಕಲಿಸಿದ್ದು? ಮೆಲ್ಲ ಮುಟ್ಟಿದ್ರೆ ಅದಕ್ಕೆ ಗೊತ್ತೇ ಆಗುದಿಲ್ಲ! ದೀಪವೂ ಇಲ್ಲ, ಪೀಂ ಸಹ ಇಲ್ಲ. ಸವರಿ ಸವರಿ ನನಗೆ ಸಿಟ್ಟು ಬಂದು ಗುದ್ದಿದೆ, ಆಗ ಕೂಗಿತು."

ಆಗ ನನಗೆ ಹೊಳೆಯಿತು. ಬೆಳಗ್ಗಿನಿಂದ ಇಡೀ ನೆರೆಕರೆಯ ಹೆಂಗಸರು ಒಳಗೆ ಹೋಗಿ ಸರಕಾರದ ಯಂತ್ರವನ್ನು ಮಗುವಿನ ಕೆನ್ನೆಯಂತೆ ಸವರಿ, ಅದು ಮಾತಾಡೀತೆಂದು ಭಕ್ತಿಯಿಂದ ಕಾದು ನಿಂತು, ಸಾಕಾದ ಮೇಲಷ್ಟೇ ಗಟ್ಟಿ ಒತ್ತಿದ್ದರು. ಅರಿಷ್ಟದ ಮುಚ್ಚಳ ಉಳಿಸಲಿಕ್ಕೆ ಕಲಿಸಿದ ಪಾಠ ಅದು. ತಿರುಗಿ ನೋಡಿದರೆ ಉಮ್ಮ ನನ್ನ ಮುಂದೆ ಇರಲಿಲ್ಲ. ಬೆರಳಿಗೆ ಶಾಯಿ ಹಾಕಿಸಿಕೊಂಡು ಆಗಲೇ ಮರೆಯ ಹಿಂದೆ ಹೋಗಿಯಾಗಿತ್ತು.

ಬಾಗಿಲಲ್ಲಿ ನಿಂತ ನನಗೆ ರಟ್ಟಿನ ಮೇಲ್ಗಡೆ ಅವರ ತಲೆಯ ಬಿಳಿ ವಸ್ತ್ರ ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಪೀಂ ಬರಲಿಲ್ಲ. ಅಧಿಕಾರಿ ಕಾದರು, ಏಜೆಂಟರು ಕಾದರು, ಫ್ಯಾನು ಕಿರ್ರೆನ್ನುತ್ತಾ ತಿರುಗಿತು. ಕೊನೆಗೆ ಅಧಿಕಾರಿ ಮೆಲ್ಲಗೆ, "ಉಮ್ಮಾ, ಸಹಾಯಿ ವೇಣೋ?" ಎಂದು ಕೇಳಿದರು. ಸಹಾಯಕ್ಕೆ ಯಾರಾದರೂ ಬೇಕೇ ಎಂದು.

ಆ ಮಾತು ಬಿದ್ದದ್ದೇ ತಡ, ದೊಡ್ಡ ಮಗ ಬೆಂಚಿನಿಂದ ಎದ್ದು ಮುಂಡು ಸರಿಮಾಡಿಕೊಂಡ. "ನಾನು ಮಗ. ನಾನು ಹೋಗ್ತೇನೆ." ಜಗಲಿಯ ತುದಿಯಿಂದ ಚಿಕ್ಕವನು ಬಾಗಿಲಿಗೆ ಹಾರಿ ಬಂದ. "ಅವ ಏಜೆಂಟ್! ಅವ ಹೋಗ್ಲಿಕ್ಕಿಲ್ಲ! ಈ ಸರ್ತಿ ನನ್ನ ಸರದಿ!" ಅಣ್ಣ, ನಿನ್ನ ಸರದಿ ವಿಧಾನಸಭೆಗೆ ಆಗಿಹೋಯಿತು ಎಂದ. ತಮ್ಮ ಸರದಿ ಎಂದರೆ ಸರದಿ ಎಂದ. ಎರಡು ಪಕ್ಷಗಳ ಉಳಿದ ಏಜೆಂಟರೂ ಎದ್ದು ನಿಂತರು. ಅಧಿಕಾರಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಜಗಳವೆಂದು ತಿಳಿಯಿತು.

ರಟ್ಟಿನ ಹಿಂದಿನಿಂದ ಉಮ್ಮನ ಸ್ವರ ಬಂತು. "ಯಾರೂ ಬರ್ಬೇಡಿ! ನಾನು ಒತ್ತಿದ್ದೇನೆ. ಅದು ಕೂಗುದಿಲ್ಲ, ಅಷ್ಟೇ!" ಸ್ವರ ನಡುಗುತ್ತಿತ್ತು.

ಮತಗಟ್ಟೆಯಲ್ಲಿ ಹೊರಗಿನವರು ಬಾಯಿ ಹಾಕಬಾರದೆಂದು ನನಗೆ ಗೊತ್ತಿಲ್ಲದೆ ಇಲ್ಲ. ಅದನ್ನೂ ನಾನೇ ಪಾಠದಲ್ಲಿ ಹೇಳಿದ್ದೆ. ಆದರೆ ಆ ನಡುಗುವ ಸ್ವರ ಕೇಳಿ ನನ್ನಿಂದ ಸಹಿಸಲಾಗಲಿಲ್ಲ.

"ಉಮ್ಮ! ಗಟ್ಟಿ ಒತ್ತಿ!" ಎಂದು ಕೂಗಿದೆ.

"ಮುಚ್ಚಳ ಹೋಗ್ತದೆ ಟೀಚರೇ!"

"ಹೋಗ್ಲಿ! ಹೋದ್ರೆ ನಾನು ಅಂಟಿಸ್ತೇನೆ! ಪತ್ತಿರ್ ತಟ್ಟಿದ ಹಾಗೆ ಒತ್ತಿ! ಪತ್ತಿರ್, ಪತ್ತಿರ್!"

ಕೋಣೆಯಲ್ಲಿ ಕೋಲಾಹಲವೆದ್ದಿತು. "ಟೀಚರ್ ಓಟು ಕೇಳ್ತಿದ್ದಾರೆ!" ಎಂದು ಒಬ್ಬ ಏಜೆಂಟ್ ಕೂಗಿದ. ಪತ್ತಿರ್ ಯಾರ ಚಿಹ್ನೆ ಎಂದು ಇನ್ನೊಬ್ಬ ಪಕ್ಕದವನನ್ನು ಕೇಳಿದ. ಅಧಿಕಾರಿ ನನ್ನ ಕಡೆ ಕೈಯೆತ್ತಿ "ಟೀಚರೇ, ಟೀಚರೇ" ಎನ್ನುತ್ತಾ, ಇನ್ನೊಂದು ಕೈಯಲ್ಲಿ ಅಭ್ಯರ್ಥಿಗಳ ಪಟ್ಟಿ ತೆರೆದು ನಿಜವಾಗಿಯೂ ಪತ್ತಿರಿಗಾಗಿ ಹುಡುಕತೊಡಗಿದರು. ಬಿಳಿಯಲ್ಲಿ ಇರಲಿಲ್ಲ. ಗುಲಾಬಿಯಲ್ಲಿಯೂ ಇರಲಿಲ್ಲ.

ಅವರು ನೀಲಿಗೆ ಬರುವಷ್ಟರಲ್ಲಿ ಒಳಗಿನಿಂದ ಮೇಜು ಅಲುಗಿದ ಶಬ್ದ ಕೇಳಿತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೂ ಸ್ವಲ್ಪ ಬಿಟ್ಟು, ಹುಡುಕಿ ನೋಡಿ ಸರಿಯಾದ ಜಾಗಕ್ಕೇ ಕೊಟ್ಟಂತೆ, ಮೂರನೆಯದ್ದು.

ಪೀಂ.

ಅಷ್ಟು ಉದ್ದದ ಪೀಂ ನಾನು ಯಾವತ್ತೂ ಬಾಯಲ್ಲಿ ಹೊರಡಿಸಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಯಾರೂ ನೋಡಬಾರದೆಂದು ಗಂಡಸರ ಸಾಲಿನವರಿಗೆ, "ಎಂತ ನೋಡ್ತೀರಿ? ಸಾಲಲ್ಲಿ ನಿಲ್ಲಿ!" ಎಂದು ಬೈದೆ. ಉಮ್ಮ ಮರೆಯಿಂದ ಹೊರಬಂದು ಅಧಿಕಾರಿಯನ್ನು, ಎದ್ದು ನಿಂತಿದ್ದ ಏಜೆಂಟರನ್ನು, ಮಗನನ್ನು ಒಮ್ಮೆ ನೋಡಿದರು. "ಮುಚ್ಚಳ ಹೋಗ್ಲಿಲ್ಲ ಟೀಚರೇ" ಎಂದು ನನಗೆ ವರದಿ ಕೊಟ್ಟು, ಆಚೆ ಬಾಗಿಲಿನಿಂದ ಜಗಲಿಗೆ ಹೋದರು.

ಅಧಿಕಾರಿ ನನ್ನನ್ನು ಹತ್ತಿರ ಕರೆದು ಮಲಯಾಳದಲ್ಲಿ ಗದರಿಸಿದರು. ಗದರಿಸುವುದರಲ್ಲಿ ಅಂಥ ಅನುಭವ ಇದ್ದವರಲ್ಲ, ಆದರೂ ನಾನು ತಲೆ ತಗ್ಗಿಸಿ ಕೇಳಿದೆ. ಪತ್ತಿರ್ ಎಂದರೆ ತಿನ್ನುವ ರೊಟ್ಟಿ, ಅಭ್ಯರ್ಥಿಯಲ್ಲ ಎಂದು ವಿವರಿಸಿದೆ. ಅವರ ಊರಲ್ಲಿಯೂ ಪತ್ತಿರಿ ಉಂಟಂತೆ. ಅದು ನೆನಪಾದ ಮೇಲೆ ಸ್ವಲ್ಪ ತಣ್ಣಗಾಗಿ, ಓಟು ಹಾಕಿ ಹೊರಡಿ ಎಂದರು.

ಮರೆಯ ಹಿಂದೆ ಹೋದೆ. ಬಿಳಿಯಲ್ಲಿ ನನಗೆ ಬೇಕಾದವರ ಗುಂಡಿ ಮುಟ್ಟಿದೆ, ಗುಲಾಬಿಯಲ್ಲಿ ಮುಟ್ಟಿದೆ, ನೀಲಿಯಲ್ಲಿ ಮುಟ್ಟಿದೆ. ಆಮೇಲೆ ಕಾದು ನಿಂತೆ. ಶಬ್ದವಿಲ್ಲ. ಯಂತ್ರ ಹಾಳಾಯಿತೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜಗಲಿಯ ಕಿಟಕಿಯಿಂದ ಉಮ್ಮನ ದೊಡ್ಡ ಸ್ವರ ಕೇಳಿತು.

"ಟೀಚರೇ, ಪತ್ತಿರ್! ಪತ್ತಿರ್!"

ನನ್ನ ಬೆರಳಿಗೂ ಗಂಜಿಯ ಅಂಟಿನ ಅಭ್ಯಾಸವೇ ಆಗಿತ್ತು. ಹಲ್ಲು ಕಚ್ಚಿ ಮೂರನ್ನೂ ಒತ್ತಿದೆ. ಹೊರಗೆ ಬರುವಾಗ ಅಧಿಕಾರಿ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದರು, ಪಟ್ಟಿ ಅಲ್ಲಾಡುತ್ತಿದ್ದುದು ನನಗೆ ಕಂಡಿತು.

ಜಗಲಿಯಲ್ಲಿ ಉಮ್ಮ ನನಗೆ ಕಾಯುತ್ತಿದ್ದರು. ಮಕ್ಕಳಿಬ್ಬರೂ ಆಚೆ ಈಚೆ ನಿಂತಿದ್ದರು. ದೊಡ್ಡವನು ಬೆಂಚಿನಲ್ಲಿ ಬೇರೆಯವನನ್ನು ಕೂರಿಸಿ ಬಂದಿದ್ದ. ಶಾಲೆಯ ಮೆಟ್ಟಿಲು ಎತ್ತರ, ಅಂಚು ಸವೆದಿದೆ. ಅವನು ವಾಡಿಕೆಯಂತೆ ಮೊಣಕೈ ಮುಂದೆ ಕೊಟ್ಟ. ಉಮ್ಮ ಹಿಡಿದುಕೊಂಡರು.

"ಉಮ್ಮ," ಎಂದು ಅವನು ತಗ್ಗಿದ ಸ್ವರದಲ್ಲಿ ಕೇಳಿದ, "ನಮ್ಮದಕ್ಕೇ ಅಲ್ವಾ?"

ಉಮ್ಮ ಮೊದಲ ಮೆಟ್ಟಿಲಲ್ಲೇ ನಿಂತರು.

"ಹೋದ ಸರ್ತಿ ನಾನು ಹೇಳಿದ್ದು ಕೆಳಗಿನದ್ದು. ನಿನ್ನ ಮೊಣಕೈ ಮೇಲೆ ಹೋಯ್ತು. ಹೀಗೇ ಹಿಡ್ಕೊಂಡಿದ್ದೆ ನಾನು. ನೆನಪುಂಟಾ?"

ಅವನು ಮೆಟ್ಟಿಲಿನ ಸವೆದ ಅಂಚನ್ನು ನೋಡಿದ. ನೆನಪಿತ್ತೆಂದು ಮುಖದಲ್ಲೇ ಕಂಡಿತು. ಈಚೆ ಬದಿಯಲ್ಲಿ ಚಿಕ್ಕವನು ಕಿಸಕ್ಕನೆ ನಕ್ಕ.

"ನೀನೆಂತ ನಗುದು?" ಉಮ್ಮ ಅವನ ಕಡೆ ತಿರುಗಿದರು. "ವಿಧಾನಸಭೆಗೆ ಬಂದದ್ದು ನೀನು. ನಿನ್ನ ಮೊಣಕೈ ಸಹ ನನಗೆ ಗೊತ್ತುಂಟು."

ಅವನ ನಗು ಅಲ್ಲಿಗೇ ನಿಂತಿತು. ಅಣ್ಣ ತಮ್ಮ ಇಬ್ಬರೂ, ಆ ಚುನಾವಣೆಯ ತಿಂಗಳಲ್ಲಿ ಮೊದಲ ಬಾರಿಗೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಡಿ" ಎಂದರು ಉಮ್ಮ.

ಮೆಟ್ಟಿಲು ಈಗ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಕೆಳಗಿನ ಮೆಟ್ಟಿಲು ಇಳಿಯುವ ತನಕ ದೊಡ್ಡ ಮಗನ ಮೊಣಕೈಯನ್ನು ಅವರು ಬಿಡಲಿಲ್ಲ.